ಹೇಮಾವತಿಯ ಅಂಕಪಟ್ಟಿ ಯಾರ ಮನೆಯಲ್ಲಿದೆ?

ಮಾನ್ಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳೇ,

ನಿಮ್ಮ ಶಿಕ್ಷಣ ಕಚೇರಿಯ ಹನ್ನೊಂದು ಮಂದಿ ಸಿಬ್ಬಂದಿ ಐದು ತಿಂಗಳಿಂದ ಮನೆಯಲ್ಲೇ ಕೂತು ಸರ್ಕಾರಿ ಕೆಲಸ ಮಾಡುತ್ತಿದ್ದಾರೆ. ಯಾವ ಆದೇಶದ ಮೇಲೆ, ಯಾರು ಯಾವ ಕಡತಗಳನ್ನು ಮನೆಗೆ ಒಯ್ದಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನೀವು ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ನನ್ನ ಹೆಸರು, ಮನೆ ವಿಳಾಸ, ಮೊಬೈಲ್ ನಂಬರು ಇರುವ ಆ ಅರ್ಜಿಯನ್ನೇ ಪ್ರತಿ ಮಾಡಿಸಿ ಹನ್ನೊಂದೂ ಮಂದಿಗೆ ಕಳಿಸಿದಿರಿ. ಅಂದಿನಿಂದ ನನಗೆ ಹೆದರಿಕೆಯಾಗಿದೆ. ಸುತ್ತಿ ಬಳಸಿ ಬರೆಯುವುದು ನನ್ನ ಕಸುಬು, ಆದರೆ ಈ ಒಂದು ಮಾತನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುತ್ತಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ಓದುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಅರ್ಜಿ ಬರೆಯುವವನು. ಮೂವತ್ತೊಂದು ವರ್ಷದಿಂದ ತಹಶೀಲ್ದಾರ್ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಒಂದು ಮೇಜು, ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಕೊಪ್ಪಳವೋ, ಗಂಗಾವತಿಯೋ, ಕುಷ್ಟಗಿಯೋ, ಯಲಬುರ್ಗಾವೋ, ಓದುವವರು ತಮಗೆ ತೋಚಿದ್ದನ್ನು ಅಂದುಕೊಳ್ಳಲಿ. ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ನಿಮ್ಮ ಸಿಬ್ಬಂದಿಗೆ ಈಗ ಕಚೇರಿ ಇಲ್ಲದಂತೆ ನನಗೂ ಯಾವತ್ತೂ ಕಚೇರಿ ಇರಲಿಲ್ಲ. ಆದರೆ ನಾನು ಎಲ್ಲಿ ಸಿಗುತ್ತೇನೆ ಎಂದು ಹತ್ತು ಹಳ್ಳಿಯ ಜನಕ್ಕೆ ಗೊತ್ತು. ನಿಮ್ಮವರು ಎಲ್ಲಿ ಸಿಗುತ್ತಾರೆ ಎಂದು ನಿಮ್ಮ ಕಾವಲುಗಾರನಿಗೇ ಗೊತ್ತಿಲ್ಲ.

ಮನೆಯಿಂದ ಕೆಲಸ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲೇ ಇರುವ ನಿಮ್ಮ ಕಚೇರಿಯ ಛಾವಣಿಯ ಸಿಮೆಂಟ್ ಹೆಂಟೆ ಟೈಪಿಸ್ಟ್ ಅಮ್ಮನವರ ಭುಜದ ಮೇಲೆ ಬಿದ್ದ ದಿನ ಆಟೋ ಕರೆದು ಅವರನ್ನು ಆಸ್ಪತ್ರೆಗೆ ಕಳಿಸಿದವನು ನಾನೇ. ಅಂಥ ಛಾವಣಿಯ ಕೆಳಗೆ ಯಾರೂ ಕೂರಬಾರದು. ದುರಸ್ತಿ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಮೇಲಿನವರು ಹೇಳಿದ್ದರೆ ಅದು ನ್ಯಾಯವೇ. ಆದರೆ ಜನರ ಮೂಲ ದಾಖಲೆಗಳೂ ಅವರ ಜೊತೆ ಮನೆಗೆ ಹೋದವಲ್ಲ, ಎಲ್ಲಿಗೆ ಹೋದವು ಎಂದು ಒಂದು ಹಾಳೆಯ ಮೇಲೆ ಬರೆದು ಬಾಗಿಲಿಗೆ ಅಂಟಿಸಲು ನಿಮಗೇನು ಕಷ್ಟ? ಬಾಗಿಲಿಗೆ ಈಗಲೂ ಒಂದು ಹಾಳೆ ಅಂಟಿಸಿದ್ದೀರಿ. "ಸಿಬ್ಬಂದಿಯು ಮನೆಯಿಂದಲೇ ಕರ್ತವ್ಯ ನಿರ್ವಹಿಸುತ್ತಿದ್ದು, ಸಾರ್ವಜನಿಕರು ಸಹಕರಿಸತಕ್ಕದ್ದು." ಯಾರೊಂದಿಗೆ ಸಹಕರಿಸಬೇಕು, ಬಾಗಿಲಿಗೆ ಹಾಕಿದ ಬೀಗದೊಂದಿಗೋ?

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ಮಗಳು ಹೇಮಾವತಿಗೆ ಇಪ್ಪತ್ತು ವರ್ಷ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ ತಪ್ಪಾಗಿ ಬಿದ್ದು, ಮೂರು ವರ್ಷ ಚಿಕ್ಕವಳಾಗಿದ್ದಾಳೆ. ನಿಮ್ಮ ಇಲಾಖೆಯ ಪ್ರಕಾರ ಅವಳು ಹದಿಮೂರಕ್ಕೇ ಹತ್ತನೆಯ ತರಗತಿ ಪಾಸಾದ ಅದ್ಭುತ ಬಾಲಕಿ. ಊರವರ ಕಾಗದಗಳನ್ನೆಲ್ಲ ಕನ್ನಡಕ ಹಾಕಿಕೊಂಡು ತಿದ್ದುವ ನಾನು ನನ್ನ ಮಗಳ ಕಾಗದವನ್ನು ಸರಿಯಾಗಿ ಓದಿರಲಿಲ್ಲ, ಅದು ನನ್ನ ತಪ್ಪು. ನಮ್ಮ ಓಣಿಯ ಅಂಗನವಾಡಿಗೆ ಕಾರ್ಯಕರ್ತೆಯ ಹುದ್ದೆ ಕರೆದರು. ಅರ್ಜಿ ಹಾಕಿದವರಲ್ಲಿ ಹೇಮಾಳ ಅಂಕವೇ ಹೆಚ್ಚು. ಆದರೆ ಹತ್ತೊಂಬತ್ತು ತುಂಬಿರಬೇಕು, ಅಂಕಪಟ್ಟಿಯ ಪ್ರಕಾರ ಅವಳಿಗೆ ಹದಿನೇಳು. ಇದೇ ತಿಂಗಳ ಇಪ್ಪತ್ತೆರಡಕ್ಕೆ ದಾಖಲೆ ಪರಿಶೀಲನೆ. ತಿದ್ದುಪಡಿಗಾಗಿ ಮೂಲ ಅಂಕಪಟ್ಟಿಯನ್ನು, ಜೊತೆಗೆ ಸರಿಯಾದ ವರ್ಷವಿರುವ ಶಾಲೆಯ ದಾಖಲಾತಿ ರಿಜಿಸ್ಟರನ್ನು, ನಿಮ್ಮ ಕಚೇರಿಗೆ ಕೊಟ್ಟು ಆರು ತಿಂಗಳಾಯಿತು. ಕೊಟ್ಟ ಮುಂದಿನ ತಿಂಗಳೇ ಕಚೇರಿಗೆ ಬೀಗ ಬಿತ್ತು.

ನಿಮ್ಮ ಕಾವಲುಗಾರನನ್ನು ಕೇಳಿದೆ. "ಎಲ್ಲಾರೂ ಗಂಟು ಕಟಗೊಂಡು ಮನಿಗೆ ಒಯ್ದಾರ್ರಿ. ಯಾರ ಗಂಟು ಯಾರ ಮನ್ಯಾಗೈತಿ ಅನ್ನೂದು ಆ ದೇವರಿಗೇ ಗೊತ್ತು" ಎಂದ. ನಮ್ಮ ಕಡತ ನೋಡಿಕೊಳ್ಳುತ್ತಿದ್ದ ವಿಷಯ ನಿರ್ವಾಹಕರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಅವರ ಕೆಲಸವನ್ನು ಯಾರಿಗೆ ಹಂಚಿದ್ದಾರೆ ಎಂದು ಯಾರೂ ಹೇಳಲಿಲ್ಲ. ಹಿಟ್ನಾಳದಲ್ಲಿ ಒಬ್ಬರಿದ್ದಾರೆ ಎಂದರು, ಹೋದೆ, ಮನೆಗೆ ಬೀಗ. ಹೆಸರು ಬರೆಯಬಾರದ ಇನ್ನೊಂದು ಊರಲ್ಲಿ ಇನ್ನೊಬ್ಬರು ಎಂದರು. ಅಲ್ಲಿ ಸಾಹೇಬರು ಇರಲಿಲ್ಲ, ಅವರ ಮನೆಯಾಕೆ ಒಳಗೆ ಕರೆದು ಚಹಾ ಕೊಟ್ಟರು. ಮಂಚದ ಕೆಳಗೆ ಇಟ್ಟಿಗೆ ಹಾಕಿ, ಅದರ ಮೇಲೆ ಕಡತದ ಗಂಟುಗಳನ್ನು ಒಟ್ಟಿ, ಹಳೆಯ ಸೀರೆ ಹೊದಿಸಿದ್ದರು.

"ಇಲ್ಲಿ ಫ್ಯಾಕ್ಟರಿ ಧೂಳು ಭಾಳ ಐತ್ರಿ ಅಣ್ಣಾರ" ಎಂದರು. "ದಿನಾ ಎರಡು ಸಲ ಒರಸ್ತೀನ್ರಿ. ಯಾರ ಮಕ್ಕಳ ಕಾಗದಾನೋ ಏನೋ, ಕರ್ರಗಾದ್ರ ಏನ್ ಮಾಡೂದ್ರಿ."

"ಒಂದು ಸಲ ನೋಡ್ಲೇನ್ರಿ ತಾಯಿ? ನನ್ನ ಮಗಳದು ಇದರಾಗ ಇರಬಹುದು" ಎಂದೆ.

ಅವರ ಮುಖ ಸಣ್ಣದಾಯಿತು. "ಬ್ಯಾಡ್ರಿ. ಹೊರಗಿನವ್ರಿಗೆ ತೋರ್ಸಬ್ಯಾಡ ಅಂದಾರ. ನೀವು ಬಂದಿದ್ರಿ ಅಂತ ಎಲ್ಲ್ಯೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ನಿಮ್ಮ ಸಂಬಳ ತಿನ್ನದ, ನಿಮ್ಮ ಹಾಜರಿ ಪುಸ್ತಕದಲ್ಲಿ ಇಲ್ಲದ ಆ ಹೆಣ್ಣುಮಗಳು ನಿಮ್ಮ ದಾಖಲೆಗಳನ್ನು ದಿನಕ್ಕೆ ಎರಡು ಬಾರಿ ಒರೆಸುತ್ತಿದ್ದಾರೆ. ಅವರಿಗೂ ಹೆದರಿಕೆ. ಚಹಾ ಕುಡಿದು, ಕೈಮುಗಿದು ಎದ್ದು ಬಂದೆ.

ಆಮೇಲೆ ನಾನು ಮಾಡಿದ್ದು ನನ್ನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಮಾಹಿತಿ ಹಕ್ಕಿನ ಅರ್ಜಿ ಬರೆಸಲು ಬಂದವರಿಗೆ ನಾನು ಯಾವಾಗಲೂ ಒಂದು ಬುದ್ಧಿವಾದ ಹೇಳುತ್ತೇನೆ. "ನಿಮ್ಮ ಸಂಕಟ ಬರೀಬ್ಯಾಡ್ರಿ. ಎಲ್ಲಾರದೂ ಸೇರಿಸಿ ಕೇಳ್ರಿ, ಆಗ ನಿಮ್ಮ ಕೆಲಸ ಯಾವುದು ಅಂತ ಅವರಿಗೆ ತಿಳಿಯೂದಿಲ್ಲ." ಎಷ್ಟೋ ಜನಕ್ಕೆ ಇದು ಉಪಯೋಗಕ್ಕೆ ಬಂದಿದೆ. ನನ್ನ ವಿಷಯದಲ್ಲೂ ಅದನ್ನೇ ಮಾಡಿದೆ. ಮಗಳ ಹೆಸರು ಬರೆಯಲಿಲ್ಲ, ಅಂಕಪಟ್ಟಿ ಎಂಬ ಪದವನ್ನೂ ಬರೆಯಲಿಲ್ಲ. ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯ ಪಟ್ಟಿ, ಆದೇಶದ ಪ್ರತಿ, ಮನೆಗೆ ಒಯ್ದ ಕಡತಗಳ ವಿವರ, ಸಾರ್ವಜನಿಕರ ಭೇಟಿಗೆ ಗೊತ್ತುಮಾಡಿದ ದಿನ, ಸಮಯ ಎಂದು ಅಂದವಾಗಿ ಬರೆದು ಸಹಿ ಹಾಕಿದೆ. ಒಬ್ಬರ ಮುಂದೆ ಕೈಮುಗಿದು ಕೇಳಬೇಕಾದ್ದನ್ನು ಹನ್ನೊಂದು ಮಂದಿಯ ಮೇಲೆ ಕೇಳಿದಂತಾಯಿತು. ಹೇಮಾ ಅದನ್ನು ಓದಿ, "ಅಪ್ಪಾ, ನನ್ನ ಮಾರ್ಕ್ಸ್ ಕಾರ್ಡ್ ಎಲ್ಲೈತಿ ಅಂತ ಒಂದ ಮಾತು ಕೇಳೂದು ಬಿಟ್ಟು ಊರಿಗೆಲ್ಲಾ ಜಗಳ ಹಚ್ಚೀಯಲ್ಲ" ಎಂದಳು. ನಾನು ಅವಳ ಮೇಲೆಯೇ ರೇಗಿದೆ.

ನಿಮ್ಮ ಉತ್ತರ ಬಂತು. ಕೋರಿದ ಮಾಹಿತಿಯು ಮೂರನೇ ವ್ಯಕ್ತಿಗಳ ವೈಯಕ್ತಿಕ ವಿಷಯವಾಗಿದ್ದು, ಅವರ ಅಭಿಪ್ರಾಯ ಕೇಳಲಾಗಿ, ಹನ್ನೊಂದೂ ಮಂದಿ ಆಕ್ಷೇಪಿಸಿರುವುದರಿಂದ ನೀಡಲು ಬರುವುದಿಲ್ಲ. ಸ್ವಾಮಿ, ನಾನು ಅವರ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿದೆನೇ? ಸರ್ಕಾರದ ಕೆಲಸ ಎಲ್ಲಿ ನಡೆಯುತ್ತಿದೆ, ಸರ್ಕಾರದ ಕಾಗದ ಎಲ್ಲಿದೆ ಎಂಬುದು ಯಾವ ಲೆಕ್ಕದಲ್ಲಿ ವೈಯಕ್ತಿಕ? ಮಂಚದ ಕೆಳಗೆ ಇಟ್ಟ ಮಾತ್ರಕ್ಕೆ ರಿಜಿಸ್ಟರು ಮನೆಯ ಆಸ್ತಿಯಾಗುತ್ತದೆಯೇ? ಕಾನೂನಿನ ನಾಲ್ಕನೆಯ ಕಲಮಿನ ಪ್ರಕಾರ ಯಾರಲ್ಲಿ ಯಾವ ಕೆಲಸ, ಕಚೇರಿಯಲ್ಲಿ ಯಾವ ದಾಖಲೆ ಎಂಬುದನ್ನು ಯಾರೂ ಕೇಳುವ ಮೊದಲೇ ನೀವಾಗಿ ಪ್ರಕಟಿಸಬೇಕು. ಇನ್ನು ಅಭಿಪ್ರಾಯ ಕೇಳಲು ನೀವು ಪ್ರಶ್ನೆಗಳನ್ನಷ್ಟೇ ಕಳಿಸಿದ್ದರೆ ಸಾಕಿತ್ತು. ಕೇಳಿದವನ ಮೊಬೈಲ್ ನಂಬರು ಯಾಕೆ ಬೇಕಿತ್ತು? ಅವರ ವಿಳಾಸ ವೈಯಕ್ತಿಕ, ನನ್ನದು ಸಾರ್ವಜನಿಕ! ಮೇಲ್ಮನವಿಗೆ ದಾರಿ ಇದೆ ಎಂದು ಕೊನೆಗೆ ಬರೆದಿದ್ದೀರಿ. ಆ ದಾರಿಗೆ ಬೇಕಾಗುವ ದಿನಗಳು ನನಗೆ ಗೊತ್ತು. ಅಷ್ಟರಲ್ಲಿ ಇಪ್ಪತ್ತೆರಡು ಕಳೆದು ಹೋಗಿರುತ್ತದೆ.

ಆಮೇಲೆ ಫೋನುಗಳು ಶುರುವಾದವು. ಯಾರೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಒಬ್ಬರು ನನ್ನ ದನಿ ಕೇಳಿಸಿಕೊಂಡು ಇಟ್ಟುಬಿಟ್ಟರು. ಕಳೆದ ಸೋಮವಾರ ಮಧ್ಯಾಹ್ನ ಬಂದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಓಬಳೆಪ್ಪನವರೇನ್ರಿ? ಆರಾಮ ಅದೀರೇನ್ರಿ?"

"ಆರಾಮ ಅದೀನ್ರಿ. ತಾವ್ಯಾರ್ರಿ?"

"ಏನಿಲ್ರಿ, ಸುಮ್ನ ಮಾಡಿದ್ದೆ. ಮಗಳು ಅಂಗನವಾಡಿಗೆ ಅರ್ಜಿ ಹಾಕ್ಯಾಳಂತ. ಛಲೋ ಆತ್ರಿ. ಕಾಗದಪತ್ರ ಎಲ್ಲಾ ಸರಿ ಅದಾವಲ್ರಿ?"

ಅಷ್ಟು ಹೇಳಿ ಇಟ್ಟರು. ನನ್ನ ಅರ್ಜಿಯಲ್ಲಿ ಮಗಳ ಮಾತೇ ಇರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅಂದರೆ ಕಡತ ಇಟ್ಟುಕೊಂಡವರು ಅದನ್ನು ಬಿಚ್ಚಿ ನೋಡಿದ್ದಾರೆ, ನನ್ನ ಹೆಸರಿನ ಜೊತೆ ಹೊಂದಿಸಿದ್ದಾರೆ. ಬರೆಯುತ್ತಿದ್ದ ಅರ್ಜಿಯನ್ನು ಅರ್ಧಕ್ಕೇ ಬಿಟ್ಟೆ. ಎದುರಿಗೆ ಪಿಂಚಣಿ ಅರ್ಜಿಗೆ ಬಂದು ಕೂತಿದ್ದ ಮುದುಕಿ "ಯಾಕಪ್ಪಾ, ಎದಿ ನೋಯ್ತದೇನು?" ಎಂದು ಕೇಳಿದಳು.

ಬುಧವಾರ ಊಟಕ್ಕೆ ಮನೆಗೆ ಹೋಗಿ ಬಂದಾಗ ನನ್ನ ಮೇಜಿನ ಮೇಲೆ, ಶಾಯಿ ಪ್ಯಾಡಿನ ಕೆಳಗೆ, ಮಡಚಿದ ಒಂದು ಹಾಳೆ ಇತ್ತು. ಬಿಚ್ಚಿದರೆ ಹೇಮಾಳ ಅಂಕಪಟ್ಟಿಯ ಜೆರಾಕ್ಸ್. ಒಂದು ಅಕ್ಷರದ ಚೀಟಿ ಇಲ್ಲ. ಹಾಳೆಯ ಬಲ ಅಂಚಿಗೆ ಉದ್ದಕ್ಕೆ ಕಪ್ಪು ಗೆರೆ ಬಿದ್ದಿತ್ತು. ಆ ಗೆರೆ ಎಳೆಯುವ ಯಂತ್ರ ನಮ್ಮಲ್ಲಿ ಒಂದೇ, ಅದು ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದ ರಾಜಾಸಾಬನ ಅಂಗಡಿಯದು. ಹದಿನೆಂಟು ವರ್ಷದಿಂದ ಅವನೂ ನಾನೂ ಒಂದೇ ಕೆಟಲಿನ ಚಹಾ ಹಂಚಿಕೊಂಡು ಕುಡಿದವರು.

"ರಾಜಾಸಾಬ, ಇದನ್ನ ಯಾರು ತೆಗಿಸಿದ್ರು?"

ಅವನು ಹಾಳೆಯನ್ನು ಮುಟ್ಟಲಿಲ್ಲ. "ನನ್ನ ಕೇಳಬ್ಯಾಡ ಓಬಳೆಪ್ಪ. ಅರ್ಧ ಗಿರಾಕಿ ಆ ಕಚೇರಿದ ಐತಿ ನನಗ. ನನ್ನ ಮನ್ಯಾಗೂ ಹುಡುಗ್ರು ಸಾಲಿಗೆ ಹೋಗ್ತಾವ." ಯಂತ್ರದ ಮುಚ್ಚಳ ಹಾಕುತ್ತಾ, "ನೀ ಊಟಕ್ಕ ಏಳೂದನ್ನ ಕಾದು ಬಂದಿದ್ರು ನೋಡು" ಎಂದ. ಅವತ್ತು ಸಂಜೆ ಅವನ ಅಂಗಡಿಯಿಂದ ನನಗೆ ಚಹಾ ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಆ ಜೆರಾಕ್ಸಿನ ಅರ್ಥ ನನಗೆ ತಿಳಿಯುತ್ತದೆ. ಕಾಗದ ನಮ್ಮಲ್ಲಿದೆ, ಸುಮ್ಮನಿದ್ದರೆ ಸಿಕ್ಕೀತು, ಇಲ್ಲದಿದ್ದರೆ ಗೆದ್ದಲು ತಿಂದೀತು. ಯಾರ ಮನೆಯ ಗೆದ್ದಲು ಎಂದು ನಾಳೆ ಯಾರು ಹೇಳಬೇಕು? ಯಾವ ಕಡತ ಯಾರ ಮನೆಗೆ ಹೋಯಿತು ಎಂದು ನೀವು ಎಲ್ಲಿಯೂ ಬರೆದಿಟ್ಟಿಲ್ಲ, ಬರೆದಿದ್ದರೆ ತೋರಿಸಿಲ್ಲ. ದಾಖಲಾತಿ ರಿಜಿಸ್ಟರೂ ಅದೇ ಗಂಟಿನಲ್ಲಿದೆ. ಅದು ಹೋದರೆ ನನ್ನ ಮಗಳು ಹುಟ್ಟಿದ ವರ್ಷಕ್ಕೆ ಅವಳ ತಾಯಿ ಗಾಳೆಮ್ಮನ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿಯಿಲ್ಲ, ಅವಳು ಮನೆಯಲ್ಲೇ ಹೆತ್ತವಳು. ತಾಯಿಯ ಮಾತನ್ನು ನಿಮ್ಮ ಯಾವ ಕಚೇರಿ ದಾಖಲೆ ಎಂದು ಒಪ್ಪುತ್ತದೆ?

ನಿಜ ಹೇಳುತ್ತೇನೆ, ಗುರುವಾರ ನಾನು ಅರ್ಜಿ ಹಿಂಪಡೆಯುವ ಪತ್ರ ಬರೆದಿದ್ದೆ. ಹೇಮಾ ಅದನ್ನು ನನ್ನ ಕೈಯಿಂದ ತಗೊಂಡು ಓದಿದಳು. "ವಾಪಸ್ ತಗೊಂಡ್ರ ಕಾರ್ಡ್ ಕೊಡ್ತಾರಂತ ಯಾರರ ಹೇಳ್ಯಾರೇನಪ್ಪ? ನಾಳೆ ಇನ್ನೊಬ್ಬರ ಮಗಳದು ಹಿಂಗ ಆದ್ರ ಅವರಿಗೆ ಏನಂತ ಅರ್ಜಿ ಬರದು ಕೊಡ್ತಿ?" ಎಂದಳು. ಅವಳಿಗೂ ಹೆದರಿಕೆ ಇದೆ. ಆ ಪತ್ರವನ್ನು ಹರಿದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ, ಮಾನ್ಯರೇ, ಈ ಸಲ ಎಲ್ಲರದೂ ಸೇರಿಸಿ ಕೇಳುವ ಜಾಣತನ ಬಿಟ್ಟು ಮೊದಲು ನನ್ನ ಸಂಕಟವನ್ನೇ ಕೇಳುತ್ತೇನೆ. ನನ್ನ ಮಗಳು ಹೇಮಾವತಿಯ ಮೂಲ ಅಂಕಪಟ್ಟಿ, ರಿಜಿಸ್ಟರು ಮತ್ತು ತಿದ್ದುಪಡಿಯ ಆದೇಶ ಇಪ್ಪತ್ತೆರಡರೊಳಗೆ ನಿಮ್ಮ ಕಚೇರಿಯ ಬಾಗಿಲಲ್ಲಿ, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರು ಅವಳ ಕೈಗೆ ಸಿಗಬೇಕು. ಮತ್ತೆ ಯಾವ ಕಡತ ಯಾರ ಸುಪರ್ದಿಯಲ್ಲಿದೆ, ಅವರು ವಾರದ ಯಾವ ದಿನ ಎಲ್ಲಿ ಜನರಿಗೆ ಸಿಗುತ್ತಾರೆ ಎಂಬ ಪಟ್ಟಿಯನ್ನು ಆ ಬಾಗಿಲಿಗೇ ಅಂಟಿಸಬೇಕು. ಅವರ ಮನೆಯ ವಿಳಾಸ ನನಗೆ ಬೇಡ. ಒಬ್ಬರ ವಿಳಾಸ ಹನ್ನೊಂದು ಜನರ ಕೈಗೆ ಸಿಕ್ಕರೆ ಮನೆಯವರು ಹೇಗೆ ಬದುಕುತ್ತಾರೆ ಎಂದು ನಾನು ಕಲಿತಿದ್ದೇನೆ, ಅದು ಅವರಿಗೆ ಬಾರದಿರಲಿ. ಇಪ್ಪತ್ತೆರಡರವರೆಗೆ ನಾನು ಊಟಕ್ಕೆ ಮನೆಗೆ ಹೋಗುವುದಿಲ್ಲ, ಬುತ್ತಿ ಕಟ್ಟಿಕೊಂಡು ಗಿಡದ ಕೆಳಗೇ ಕೂತಿರುತ್ತೇನೆ. ಮೂಲ ಪ್ರತಿ ತಂದುಕೊಡುವವರು ನಾನು ಏಳುವುದನ್ನು ಕಾಯಬೇಕಾಗಿಲ್ಲ.

ಇಂತಿ,
ಹೆದರಿಕೊಂಡೇ ಸಹಿ ಹಾಕಿದ
ಓಬಳೆಪ್ಪ, ಅರ್ಜಿ ಬರೆಯುವವನು
ವಿಳಾಸ ಮತ್ತು ಮೊಬೈಲ್ ಸಂಖ್ಯೆ: ತಮ್ಮ ಹನ್ನೊಂದೂ ಮಂದಿಯ ಬಳಿ ಇದೆ.