ಮಗ್ರಿಬ್‌ನಲ್ಲಿ ಬಂದ ನಿಮ್ಮ ಓದು

ಉಸ್ತಾದರೇ,

ನೀವು ಕಬರಸ್ಥಾನದಲ್ಲಿ ಮಲಗಿ ಒಂಬತ್ತು ವರ್ಷ ಆಯಿತು. ಆದರೂ ಇವತ್ತಿನ ವಿಷಯ ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ಸಂಡೇ ಗೋರೆಗಾಂವ್‌ನಲ್ಲಿ ಒಂದು ಸಭೆಯಿತ್ತು. ಕುರ್‌ಆನ್ ಓದುವ ಬೇರೆ ಬೇರೆ ಪರಂಪರೆಗಳೆಲ್ಲ ಪ್ರವಾದಿಯವರಿಂದಲೇ ಬಂದವೋ, ಕೆಲವು ಆಮೇಲಿನವರ ಆಯ್ಕೆಯೋ ಅಂತ ಇಬ್ಬರು ವಿದ್ವಾಂಸರು ಮೂರು ತಾಸು ಜಗಳಾಡಿದರು. ನೀವು ಮೊರಾಕ್ಕೊದ ಗುರುಗಳಿಂದ ಕಲಿತ ಓದು ತಪ್ಪಲ್ಲ ಅನ್ನುವುದಕ್ಕೆ ಮಾತ್ರ ಇಬ್ಬರದೂ ತಕರಾರಿರಲಿಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಇವತ್ತು ಮಲಾಡ್‌ನ ನಮ್ಮ ಮಸೀದಿಯಲ್ಲಿ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೆ ನಾನೇ ಇಮಾಮ್. ಓದುತ್ತಾ ಓದುತ್ತಾ ನಾಲಿಗೆ ಒಂದು ಪದವನ್ನು ತಾನಾಗಿ ನಿಮ್ಮ ಹಾಗೆ, ಇಲ್ಲಿ ಬೇರೆ ಯಾರೂ ಓದದ ಹಾಗೆ, ಓದಿತು. ನೀವು ಅದನ್ನು ನನಗೆ ಕಲಿಸಿರಲೇ ಇಲ್ಲ, ಉಸ್ತಾದರೇ! ಒಬ್ಬರೇ ಕೂತು ಓದುವಾಗ ಕೇಳಿಸಿಕೊಂಡಿದ್ದೆ, ಅಷ್ಟೆ.

ಇಮಾಮ್ ತಪ್ಪಿದರೆ ಹಿಂದೆ ನಿಂತವನು ಗಟ್ಟಿಯಾಗಿ ಓದಿ ತಿದ್ದಬೇಕು ಅಂತ ನನ್ನ ಶಿಷ್ಯ ಮಿಸ್ಬಾಹ್‌ಗೆ ಕಲಿಸಿದವನು ನಾನೇ. ಅವನು ತಿದ್ದಿದ. ನೀವು ಇಲ್ಲಿ ಇಮಾಮ್ ಆಗಿದ್ದಾಗ, ಅವತ್ತು ಇದೇ ಜಾಗದಲ್ಲಿ ನಿಂತು ನಾನು ನಿಮ್ಮನ್ನು ತಿದ್ದಿದಷ್ಟೇ ಗಟ್ಟಿಯಾಗಿ.

ಅವತ್ತು ನಾನು ಮೂರು ಸಲ ತಿದ್ದಿದೆ; ನೀವು ಮೂರು ಸಲವೂ ನಿಮ್ಮ ಹಾಗೆಯೇ ಓದಿದಿರಿ. ಮರುವಾರ ಕಮಿಟಿಯವರು "ಬುಡ್ಢೇ ಹೋ ಗಯೇ, ಯಾದ್ ನಹೀ ರಹತಾ", ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಅಂತ ನಿಮ್ಮನ್ನು ಇಳಿಸಿ ನನ್ನನ್ನು ನಿಲ್ಲಿಸಿದರು. ಅದು ಮರೆವಲ್ಲ, ನಿಮ್ಮ ಗುರುಗಳ ಓದು ಅಂತ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ನಮಾಜ್ ಮುಗಿದ ಮೇಲೆ ಮಿಸ್ಬಾಹ್ ಹೆದರಿಕೊಂಡೇ ಬಂದ. "ಉಸ್ತಾದ್, ನಾನು ಸರಿಯಾಗಿ ತಿದ್ದಿದೆನಾ?"

"ಬರಾಬರ್ ತಿದ್ದಿದೆ," ಅಂದೆ.

ಅವನು ಮೊದಲನೇ ಸಲ ತಿದ್ದಿದ ಕೂಡಲೇ ನಾನು ಆ ಪದಕ್ಕೆ ವಾಪಸ್ ಹೋಗಿ, ಅವನು ಹೇಳಿದ ಹಾಗೆ ಓದಿಬಿಟ್ಟಿದ್ದೆ.