ಬಾಗಿದ ಬೆನ್ನಿನ ಗೊಂಬೆ

ಭಾನುವಾರ, ಬೆಳಿಗ್ಗೆ

ಪ್ರೀತಿಯ ದೊಡ್ಡಮ್ಮ,

ಫೋನಿನಲ್ಲಿ ಹೇಳಹೊರಟರೆ ನೀನು "ಅಯ್ಯೋ ಬಿಡೇ, ಊಟ ಆಯ್ತಾ?" ಎಂದು ಮಾತು ಮರೆಸುತ್ತೀಯ. ಕಾಗದಕ್ಕಾದರೆ ನೀನು ಅಡ್ಡಬಾಯಿ ಹಾಕಲಾರೆ. ಇವತ್ತೇ ಇದನ್ನು ನಿನ್ನ ಬಾಗಿಲಡಿ ತೂರಿಸಿ ಬರುತ್ತೇನೆ.

ನಿನ್ನ ಮನೆಯಲ್ಲಿ ಮರೆತುಬಂದಿದ್ದ ನನ್ನ ಕನ್ನಡಕ ಕೊಡಲು ನಿನ್ನೆ ನಮ್ಮ ಕಚೇರಿಗೆ ಬಂದೆಯಲ್ಲ, ಆಗ ಮೇಜಿನ ಮೇಲೆ ಹರಡಿದ್ದದ್ದು ಮಾರಾಟಕ್ಕೆಂದು ನಾನು ರೂಪಿಸಿದ ಬೋರ್ಡ್ ಆಟ. ನಡೆಯುವ ಮರಗಳು, ಮಾತಾಡುವ ಕಾಗೆ, ಹೆಬ್ಬೆರಳುದ್ದದ ಊರವರು, ನಡುವೆ ಒಬ್ಬಳು ಮಾಟಗಾತಿ. ಹಿಂದಿನ ಶತಮಾನಗಳಲ್ಲಿ ಒಂಟಿ ಹೆಂಗಸರನ್ನು ಮಾಟಗಾತಿಯರೆಂದು ಸುಟ್ಟ ಚರಿತ್ರೆ ಓದಿ, ನಿದ್ದೆಗೆಟ್ಟು, ಕಟ್ಟಿದ ಆಟ. ಆಡಿ ನೋಡಲು ಒಬ್ಬರು ಕಡಿಮೆಯಿದ್ದರು. ಕಚೇರಿಯ ಯಜಮಾನರು ನಿನ್ನನ್ನೇ ಕೂರಿಸಿ, ಮಾಟಗಾತಿಯ ಗೊಂಬೆಯನ್ನು ನಿನ್ನ ಕೈಗಿತ್ತು, ಇವರು ಯಾರೆಂದು ನನ್ನನ್ನು ಕೇಳಿದರು.

ಪಕ್ಕದ ಮನೆಯವರು ಅಂದುಬಿಟ್ಟೆ.

ಆ ಗೊಂಬೆಯ ಬೆನ್ನು ಥೇಟ್ ನಿನ್ನ ಬೆನ್ನಿನಂತೆ ಬಾಗಿತ್ತು. ಕೆತ್ತಿದವನ ಕೈಯಲ್ಲಿ ಅದು ಹೇಗೋ ಹಾಗೆ ಬಂದಿತ್ತು. ನಮ್ಮ ದೊಡ್ಡಮ್ಮ ಎಂದಿದ್ದರೆ ಎಲ್ಲರ ಕಣ್ಣೂ ಗೊಂಬೆಯಿಂದ ನಿನ್ನ ಕಡೆಗೆ, ನಿನ್ನಿಂದ ನನ್ನ ಕಡೆಗೆ ಹೊರಳುತ್ತಿತ್ತು.

ನಿಯಮ ನಿನಗೆ ನಾನೇ ವಿವರಿಸಿದೆ. ಸಂಶಯ ಬಂದಾಗಲೆಲ್ಲ ಊರವರು ಮಾಟಗಾತಿಯ ಮುಂದೆ ಒಂದು ಕರಿಕಲ್ಲು ಇಡುತ್ತಾರೆ. ಮೂರಾದರೆ ಬೆಂಕಿ. ಅವಳು ಬೇರೊಬ್ಬಳತ್ತ ಬೆರಳು ತೋರಿಸಿದರೆ ಒಂದು ಕಲ್ಲು ಆ ಇನ್ನೊಬ್ಬಳ ಪಾಲಾಗುತ್ತದೆ. ಎಲ್ಲರೂ ಬೆನ್ನು ತಟ್ಟಿದ್ದು ಈ ನಿಯಮಕ್ಕೇ.

ನೀನು ಬೆರಳೆತ್ತಲೇ ಇಲ್ಲ. "ಅಜ್ಜಿ, ಯಾರನ್ನಾದ್ರೂ ತೋರ್ಸಿ, ಇಲ್ಲಾಂದ್ರೆ ಸುಟ್ಟು ಬೂದಿಯಾಗ್ತೀರ!" ಎಂದು ಗೊಂಬೆಗಳಿಗೆ ಬಣ್ಣ ಹಚ್ಚುವ ಹುಡುಗಿ ಕೂಗಿದಳು. ನೀನು ಬಿಂದಿಗೆ ಹೊತ್ತ ಪುಟ್ಟ ಗೊಂಬೆಯನ್ನು ನೋಡಿ, "ಪಾಪ, ಇವಳು ನೀರಿಗೆ ಹೊರಟಿದ್ದಾಳೆ. ಅವಳ ಪಾಡಿಗೆ ಅವಳಿರ್ಲಿ ಬಿಡಮ್ಮ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೂರನೆಯ ಕಲ್ಲು ಇಟ್ಟವಳೂ ನಾನೇ.

ಹೊರಡುವಾಗ ನೀನು ಬಾಗಿಲಲ್ಲಿ ನಿಂತು, "ಬರ್ತೀನಮ್ಮ, ನಿಮ್ಮ ಕನ್ನಡಕ ಜೋಪಾನ" ಎಂದೆ. ಹುಟ್ಟಿದಾಗಿನಿಂದ ನನ್ನನ್ನು "ಏ ಮೊದ್ದು" ಎಂದೇ ಕರೆದವಳು ನೀನು. ನನ್ನ ಸುಳ್ಳು ಬಯಲಾಗದಿರಲೆಂದು ಪಕ್ಕದ ಮನೆಯವಳೇ ಆಗಿ ಮೆಟ್ಟಿಲಿಳಿದು ಹೋದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ದೊಡ್ಡಮ್ಮ.

ನಾಳೆ ಆ ಗೊಂಬೆ ಎರಕಕ್ಕೆ ಹೋಗುತ್ತದೆ. ಆಮೇಲೆ ಸಾವಿರಾರು ಪೆಟ್ಟಿಗೆಗಳಲ್ಲಿ ಅದೇ ಬೆನ್ನು. ಅಷ್ಟರೊಳಗೆ ಯಜಮಾನರಿಗೆ ನೀನು ಯಾರೆಂದು ಹೇಳಿ ತಡೆಯಬೇಕು. ಆಟವೇ ಕೈಬಿಟ್ಟುಹೋದರೆ ಹೋಗಲಿ. ಬರೆಯುವಾಗ ಇರುವ ಧೈರ್ಯ ಅವರ ಕೋಣೆಯ ಬಾಗಿಲ ತನಕ ಉಳಿಯುತ್ತದೆಯೇ, ತಿಳಿಯದು. ಉಳಿದರೆ ನಾಳೆ ಸಂಜೆ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆರೆದಾಗ ದಯವಿಟ್ಟು "ಬನ್ನಿ" ಅನ್ನಬೇಡ.

ನಿನ್ನ
ಮೊದ್ದು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಬೆನ್ನು ತಾನಾಗಿ ಬಂದದ್ದಲ್ಲ. ಕೆತ್ತುವವನಿಗೆ ನಿನ್ನ ಫೋಟೋ ಕೊಟ್ಟವಳು ನಾನು. ಶಾಲೆಯ ಗೇಟಿನ ಮುಂದೆ ನೀನು ಬಗ್ಗಿ ನನ್ನ ಶೂ ಲೇಸು ಕಟ್ಟುತ್ತಿದ್ದೆಯಲ್ಲ, ಆ ಫೋಟೋ. ಕೊಡುವ ಮೊದಲು ನಾನಿದ್ದ ಭಾಗವನ್ನು ಕತ್ತರಿಸಿ ತೆಗೆದಿದ್ದೆ.