ದುರ್ಗವ್ವನ ಗಾಡಿಯ ಕೋಳಿ

ಸೋಮವಾರ, ತಾ. ೧-೭-೧೯೫೭

ಇಂದು ಸೋಮವಾರದ ಉಪವಾಸ. ದೀಪ ಹಚ್ಚುವ ತನಕ ನೀರೊಂದೇ. ನಸುಕಿನಾಗ ಎದ್ದು ಸಗಣಿ ಬಳಿದೆ, ಅಂಗಳಕ್ಕೆ ನೀರಿನ ಥಳಿ ಹೊಡೆದೆ, ಬಾವಿಯಿಂದ ನಾಲ್ಕು ಕೊಡ ತಂದೆ. ಜಳಕ, ಲಿಂಗಪೂಜೆ. ಅಂಗೈಯಾಗ ಲಿಂಗ ಹಿಡಿದು ಕುಂತರೂ ಚಿತ್ತ ನಿಲ್ಲಲಿಲ್ಲ. ಊರಾಗ ವಾಂತಿ-ಭೇದಿ ಹೊಕ್ಕು ಹದಿನೈದು ದಿನ ಆತು. ಕೆಳಗಿನ ಓಣಿಯಲ್ಲಿ ಇಬ್ಬರು ಹೋದರು.

ನಿನ್ನೆ ಊರದೇವಿ ದುರ್ಗವ್ವನ ಗಾಡಿ ಕಳಿಸಿದರು. ಮೊಳದುದ್ದದ ಕಟ್ಟಿಗೆ ಗಾಡಿ. ಅದರಾಗ ಹಸಿರು ಬಳೆ, ಕುಂಕುಮ, ಕಾಲು ಕಟ್ಟಿದ ಒಂದು ಕರೀ ಕೋಳಿ. ಊರ ಬೇನೆಯನ್ನೆಲ್ಲ ಅದರ ಮೇಲೆ ಹಾಕಿ, ಸೀಮೆಕಲ್ಲು ದಾಟಿಸಿ, ಹೊಳ್ಳಿ ನೋಡದೆ ಬರುವುದು. ಅಜ್ಜ-ಮುತ್ತಜ್ಜರ ಕಾಲದಿಂದ ಅದನ್ನು ಎಳೆದವರು ಊರ ಹೊರಗಿನ ಕೇರಿಯವರು, ನಮ್ಮ ಹೊಲದ ಕೆಲಸಕ್ಕೆ ಬರುವ ಉದ್ದವ್ವನ ಮಂದಿ. ಹೋದ ದಸರಾಕ್ಕೆ ಅವರೆಲ್ಲ ಬುದ್ಧನ ದೀಕ್ಷಾ ತಗೊಂಡರು. ಆಕೆಯ ಮಗ ಭೀಮರಾಯ ಗುಡಿ ಮುಂದೆ ನಿಂತು ಹೇಳಿದನಂತೆ — "ನಿಮ್ಮ ಬ್ಯಾನಿ, ನಿಮ್ಮ ಗಾಡಿ. ನೀವ ಎಳಕೋರಿ." ಹೊಲಮನೆ ಇದ್ದವರೆಲ್ಲ ಗುಡಿ ಮುಂದೆ ಕೂಡಿದರು. ಕಡೆಗೆ ಚೀಟಿ ಎತ್ತಿದರು. ನಾಲ್ಕು ಹೆಸರು ಬಂದವು. ಒಂದು ನನ್ನ ತಮ್ಮ ಗುಡ್ಡಪ್ಪಂದು. ಸಂಜೆ ತಿರುಗಿ ಬಂದವನು ಮೈ ತೊಳೆದು ಮಲಗಿದ.

ಮುಂದಿನದು ಬರೆಯಲೋ ಬೇಡವೋ. ಬರೀತೇನೆ. ಓದುವವರು ಯಾರು.

ಮಧ್ಯಾಹ್ನ ಅವನ ಬುತ್ತಿ ಹೊಲಕ್ಕೆ ಮುಟ್ಟಿಸಿ ಹಳ್ಳದ ದಂಡೆಗುಂಟ ಬರುತ್ತಿದ್ದೆ. ಗಾಳಿಗೆ ಹುಲ್ಲೆಲ್ಲ ಒಂದೇ ಮಗ್ಗುಲಿಗೆ ಮಲಗಿತ್ತು. ಹೊಟ್ಟೆ ಬರಿದಿದ್ದಾಗ ನೆಲ ಸ್ವಲ್ಪ ತೇಲಿದಂತೆ ಕಾಣುತ್ತದೆ, ನೆರಳೂ ತೇಲುತ್ತದೆ. ಆ ತೇಲುವ ನೆರಳಿನಾಗ, ಜಾಲಿಕಂಟಿಯ ಬಾಜೂ, ಗಾಡಿ ಮಗುಚಿ ಬಿದ್ದಿತ್ತು. ಕೋಳಿ ಅದರ ಕೆಳಗೆ. ಸತ್ತೈತಿ ಅಂದುಕೊಂಡು ಕೈಮುಗಿದು ಮುಂದೆ ಹೋದೆ. ಹತ್ತು ಹೆಜ್ಜೆ ಆದಮೇಲೆ ಯಾರೋ "ನೀರು" ಅಂದಂಗಾತು. ಹೊಳ್ಳಿ ನೋಡಿದರೆ ಅದು ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು.

ದೇವಿಗೆ ಕೊಟ್ಟದ್ದು. ಗೊತ್ತಿದ್ದೂ ಎತ್ತಿದೆ. ಸೆರಗಿನಾಗ ಸುತ್ತಿ ತಂದೆ. ಹತ್ತಿಯಷ್ಟು ಹಗುರ ಇತ್ತು.

ಮಂಗಳವಾರ, ೨-೭

ಹಿತ್ತಲ ಛಪ್ಪರದಾಗ ಬುಟ್ಟಿ ಬೋರಲು ಹಾಕಿ ಇಟ್ಟಿದ್ದೇನೆ. ರೆಕ್ಕೆಗೆ ಹತ್ತಿದ ಕುಂಕುಮ ತೊಳೆದೆ. ತಮ್ಮನ ಹೆಂಡತಿ ಭರಮವ್ವನಿಗೆ, "ಉದ್ದವ್ವನ ಕೋಳಿ, ತಪ್ಪಿಸಿಕೊಂಡು ಬಂದೈತಿ" ಅಂತ ಸುಳ್ಳು ಹೇಳಿದೆ. ಮಂಗಳವಾರ ದಿನ, ಸುಳ್ಳು.

ಭರಮಿಯ ಬಾಯಿ ಬಿಡ್ತೈತೇನು? "ಕೊರಳಾಗ ಲಿಂಗಾ, ಕೈಯಾಗ ಕೋಳಿ ಪುಚ್ಚಾ! ಅಕ್ಕಾ, ನಾಳಿಗೆ ತತ್ತಿ ಇಟ್ರ ನೈವೇದ್ಯಕ್ಕ ನಿಮ್ಮ ಪಾಲು, ನಮ್ಮ ಪಾಲು ಹೆಂಗ?"

"ಮದಲ ಬದುಕಲಿ, ಆಮ್ಯಾಲ ಪಾಲು" ಅಂದೆ.

ಖರೆ ಅಂದರೆ ಬದುಕುವ ಲಕ್ಷಣ ಇರಲಿಲ್ಲ. ರೆಕ್ಕೆ ಇಳಿಬಿಟ್ಟಿತ್ತು. ಕಾಲು ಬಾತು ಬದನೆಕಾಯಿ ಆಗಿತ್ತು. ಕೋಳಿ ವಿದ್ಯಾ ನನಗೇನು ಗೊತ್ತು? ಉದ್ದವ್ವನಿಗೆ ಹೇಳಿ ಕಳಿಸಿದೆ. ಬೇಲಿಯ ಆಚೆ ನಿಂತು ನೋಡಿದಳು.

"ಗೌರಕ್ಕಾರ, ಇದು ನನ್ನ ಕೋಳಿ ಅಲ್ಲ."

"ಹೌದವಾ."

"ಕಾಲಾಗ ಹಳದಿ ದಾರ ಹೊಕ್ಕೈತಿ. ಗಾಡ್ಯಾಗಿಂದು."

ನಾನು ಕತ್ತರಿ ತಂದೆ. ಆಕೆ ಅಲ್ಲಿಂದಲೇ ಕೋಲು ತೋರಿಸಿ ಹೇಳಿದಳು — ಅಲ್ಲಿ ಹಿಡೀರಿ, ಇಲ್ಲಿ ಕೊಯ್ರಿ, ಸಾವಕಾಶ. ಕತ್ತರಿ ತಾಗಿದ ಕೂಡಲೆ ಕೋಳಿ ಒದ್ದು ಒದರಿತು. ಇದು ಎರಡು ಕೈಯ ಕೆಲಸ ಅಲ್ಲ, ನಾಲ್ಕು ಕೈದು. "ಉದ್ದವ್ವಾ, ಒಳಗ ಬಾ" ಅಂದೆ. ಆಕೆ ನನ್ನ ಮಾರಿ ನೋಡಿದಳು. ನಾನು ಮುಳ್ಳಿನ ತಡಿಕೆ ಸರಿಸಿದೆ. ಬಂದಳು. ಕೋಳಿಯನ್ನು ತೊಡೆ ಮೇಲೆ ಅಂಗಾತ ಹಾಕಿ ಒತ್ತಿ ಹಿಡಿದಳು. ಕತ್ತರಿ ತುದಿಯಿಂದ ದಾರ ಎತ್ತಿ ಕೊಯ್ದೆ. ಕೀವು ಬಂತು. ಅರಿಶಿಣ, ಕುಸುಬಿ ಎಣ್ಣೆ ಕಾಸಿ ಹಚ್ಚಿದೆವು.

"ನಿನಗ ಅಂಜಿಕಿ ಇಲ್ಲೇನು?" ಕೇಳಿದೆ.

"ಭೀಮರಾಯ ಅಂತಾನ, ಅದೆಲ್ಲಾ ಸುಳ್ಳ ಅಂತ. ದೀಕ್ಷಾ ತಲಿಗಿ ಆಗೇತ್ರಿ. ಎದಿಗಿ ಇನ್ನಾ ಆಗಬೇಕು." ನಕ್ಕಳು. ಹೋಗುವಾಗ ಕೋಳಿಗೆ ಹೆಸರಿಟ್ಟು ಹೋದಳು — ಗಾಡೆವ್ವ.

ಗುರುವಾರ, ೪-೭. ಮಧ್ಯಾಹ್ನ

ಜೀವ ಐತಿ. ಇನ್ನೂ ಜೀವ ಐತಿ.

ಹತ್ತಿ ಬತ್ತಿಯನ್ನು ಮಜ್ಜಿಗೆಯಲ್ಲಿ ಅದ್ದಿ ಚುಂಚಿನಾಗ ಹಿಂಡುತ್ತೇನೆ. ಒಂದು ಹನಿ ಒಳಗೆ, ಎರಡು ಹನಿ ನನ್ನ ಸೀರೆಗೆ. ಕೋಳಿಯ ರೆಪ್ಪೆ ಕೆಳಗಿನಿಂದ ಮೇಲೆ ಮುಚ್ಚುತ್ತದೆ. ಐವತ್ತು ವರ್ಷ ಆತು, ಇದನ್ನು ನೋಡಿರಲಿಲ್ಲ. ಮೇಲಿಂದ ಇಳಿಯುವ ನಿದ್ದಿ ನಮ್ಮದು. ಅದರದು ನೆಲದಿಂದ ಏರಿ ಬರ್ತೈತಿ, ಹೊಂಡದಾಗ ನೀರು ಏರಿದಂಗ.

ಬುಟ್ಟಿಯ ಸಂದಿನಿಂದ ಬಿಸಿಲು ಕಾಳು ಕಾಳಾಗಿ ಅದರ ಮೈಮೇಲೆ ಬಿದ್ದಿತ್ತು. ನೋಡುತ್ತ ಕುಂತೆ. ಯಮಕನಮರಡಿಯಲ್ಲಿ ಗಂಡನ ಮನೆಯ ಪಡಸಾಲೆಯಲ್ಲೂ ಹೆಂಚಿನ ತೂತಿನಿಂದ ಹಿಂಗೇ ಬೀಳುತ್ತಿತ್ತು. ಅಲ್ಲಿ ಇದ್ದದ್ದು ಮೂರೇ ವರ್ಷ, ಆಮೇಲೆ ತವರಿಗೆ ತಿರುಗಿ ಬಂದೆ. ಗಂಡನ ಮಾರಿ ಮರೆತಿದ್ದೇನೆ, ಬಿಸಿಲು ನೆನಪೈತಿ.

ಕಣ್ಣು ಹತ್ತಿತು. ಕನಸಿನಾಗ ಒಬ್ಬಾಕಿ ಹಸಿರು ಸೀರೆಯುಟ್ಟು ಹಳ್ಳದ ದಂಡೆಗೆ ಕುಂತಿದ್ದಳು. ಕಾಲು ನೀರಾಗ ಬಿಟ್ಟಿದ್ದಳು. ಹಣೆ ತುಂಬ ಕುಂಕುಮ. ನಾನು ಕಾಲಿಗೆ ಬಿದ್ದೆ. "ಬಿದ್ದದ್ದು ಸಾಕು, ಬಿಚ್ಚು" ಅಂದಳು. ಏನು ಬಿಚ್ಚಲಿ ತಾಯಿ ಅಂತ ಕೇಳುವುದರೊಳಗೆ ಭರಮಿ ಕೊಡ ಇಳಿಸಿದ ಸಪ್ಪಳಕ್ಕೆ ಎಚ್ಚರಾತು.

ಶನಿವಾರ, ೬-೭

ಜೋಳದ ನುಚ್ಚು ಎರಡು ಕಾಳು ತಿಂದಿತು! ತಾನಾಗಿ. ಮೂರನೆಯದು ಕುಕ್ಕಿ ಚೆಲ್ಲಿತು. ಆಮೇಲೆ ಕೊರ್ ಅಂತ ಒಂದು ದನಿ, ದೂರ ಯಾರೋ ಬೀಸುಕಲ್ಲು ತಿರುವಿದಂಗ.

ಮುಂಜಾನೆ ನಾನು ಪೂಜೆಗೆ ಕುಂತಾಗ ಭರಮಿ ಕಳ್ಳಿಯ ಹಾಗೆ ಛಪ್ಪರಕ್ಕೆ ಹೋದಳು. ನಾನು ಒಂದು ಕಣ್ಣು ತೆರೆದು ನೋಡಿದೆ. ಮುಷ್ಟಿಯಾಗ ಏನೋ ಇತ್ತು. "ತಿನ್ನ ನಮ್ಮವ್ವಾ, ನಿಮ್ಮಕ್ಕನ ಹಂಗ ಉಪಾಸ ಮಾಡಬ್ಯಾಡ" ಅಂತ ಬುಟ್ಟಿಗೆ ಹೇಳುತ್ತಿದ್ದಳು. ಲಿಂಗ ಕೈಯಾಗಿದ್ದರೂ ನಗು ಬಂತು. ಶಿವಾ ತಪ್ಪಾತು.

ಗುಡ್ಡಪ್ಪ ಮಾತ್ರ ಛಪ್ಪರದ ಕಡೆ ಸುಳಿಯುವುದಿಲ್ಲ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ.

ಸೋಮವಾರ, ೮-೭

ಉಪವಾಸ. ಕಸ ಇಲ್ಲ, ಸಾರಣೆ ಇಲ್ಲ.

ನಸುಕಿನಿಂದ ಭರಮಿಗೆ ವಾಂತಿ. ಒಂಬತ್ತು ಸಲ. ಕಣ್ಣು ಒಳಗೆ ಹೋದವು, ಬೆರಳು ನೆನೆದ ಅರಿವೆ ಆದವು. ಗುಡ್ಡಪ್ಪ ಎತ್ತು ಹೂಡಿ ಗೋಕಾಕ ದವಾಖಾನೆಗೆ ಒಯ್ದ. ಗಾಡಿ ಏರಿಸುವಾಗಲೂ ಆಕಿ, "ಅಕ್ಕಾ, ಕೋಳೀನ ಒಬ್ಬಾಕಿನ ಬಿಡಬ್ಯಾಡ್ರಿ" ಅಂದಳು. ನಾ ಮಾಡಿದ ಪಾಪ ಆಕೆಗೆ ಹತ್ತಿತೇನು? ದಾಟಿದ ಬೇನೆಯನ್ನು ಸೆರಗಿನಾಗ ಕಟ್ಟಿಕೊಂಡು ಮನೆಗೆ ತಂದವಳು ನಾನು.

ಪೂಜೆಗೆ ಕೂಡಲು ಆಗಲಿಲ್ಲ. ಕೋಳಿಯನ್ನು ಎತ್ತಿಕೊಂಡು ಹೊರಟೆ. ಮತ್ತೆ ಸೀಮೆ ದಾಟಿಸಿ ಬಿಟ್ಟು ಬರುವುದು. ಇಲ್ಲಾ ಅದರ ಬದಲಿಗೆ ನನ್ನನ್ನು ತಗೋ ತಾಯಿ ಅನ್ನುವುದು. ಬಗಲಾಗ ಅದು ಬೆಚ್ಚಗೆ ಉಸಿರಾಡುತ್ತಿತ್ತು. ಅದಕ್ಕೇನು ಗೊತ್ತು, ಅಡ್ಡಾಡಲು ಹೊರಟೇವಿ ಅಂದುಕೊಂಡಿತ್ತು.

ಜಾಲಿಕಂಟಿ ಬಂತು. ಗಾಡಿ ಹಂಗೇ ಬಿದ್ದಿತ್ತು. ಸೀಮೆಕಲ್ಲು ಎಲ್ಲಿ ಅಂತ ಹುಡುಕಿದೆ. ಈಚೆ ಇಲ್ಲ. ಹಳ್ಳದ ಆಚೆ, ದಿನ್ನೆಯ ಮೇಲೆ, ಸುಣ್ಣ ಬಳಿದು ನಿಂತಿತ್ತು. ನಡುವೆ ತೊಡೆಮಟ ನೀರು, ಮತ್ತೆ ನೂರು ಹೆಜ್ಜೆ.

ಅಂದು ಹಸಿವಿನಾಗ ಇದನ್ನು ನೋಡೇ ಇರಲಿಲ್ಲ. ಗಾಡಿ ಸೀಮೆ ದಾಟೇ ಇಲ್ಲ. ನಮ್ಮ ನೆಲದಾಗೇ ಬಿಟ್ಟು ಓಡಿದ್ದಾರೆ. ಹಂಗಾದರೆ ದಾಟಿದ ಬೇನೆಯನ್ನು ನಾನು ತಿರುಗಿ ತಂದಿಲ್ಲ.

ದಂಡೆಗೆ ಕುಂತೆ. ಎಷ್ಟು ಹೊತ್ತೋ. ನೀರಿನಾಗ ಮೋಡ ಹೋಗುತ್ತಿದ್ದವು, ನಾನೂ ಕೋಳಿಯೂ ಅವುಗಳ ಮೇಲೆ ಕುಂತು ಎಲ್ಲಿಗೋ ಹೊರಟಂತಿತ್ತು. ಅದು ತೊಡೆ ಇಳಿದು, ಕುಂಟುತ್ತ, ಹುಳ ಹೆಕ್ಕಿತು. ಬಿಟ್ಟು ಬರಲಾಗಲಿಲ್ಲ. ಎತ್ತಿಕೊಂಡು ಬಂದೆ.

ಶುಕ್ರವಾರ, ೧೨-೭

ನಾಲ್ಕು ದಿನ ಬರೆಯುವ ಜೀವ ಇರಲಿಲ್ಲ. ಗೋಕಾಕದಿಂದ ಸುದ್ದಿ ಇಲ್ಲದೆ ಗೋಡೆ ನೋಡುತ್ತ ಕುಂತಿದ್ದೆ.

ಇಂದು ಗುಡ್ಡಪ್ಪ ಆಕಿನ್ನ ಕರಕೊಂಡು ಬಂದ. ಭರಮಿ ಬದುಕಿದ್ದಾಳೆ! ಸಲಾಯಿನ ಅಂತ, ಉಪ್ಪುನೀರು, ಸೂಜಿಯಿಂದ ನರದಾಗ ಹಾಕಿದರಂತೆ. ಡಾಕ್ಟರು ಬೈದರಂತೆ — ಹಳ್ಳದ ಬಾಜೂ ಬಾವಿ, ಮಳೆಗೆ ಹೊಲಸು ಇಳಿದೈತಿ, ನೀರು ಕುದಿಸದೆ ಕುಡೀಬ್ಯಾಡ್ರಿ ಅಂತ. ಆಕಿ ಹಾಸಿಗೆಯಾಗ ಕುಂತು ಮೊದಲು ಕೇಳಿದ್ದು, "ನಮ್ಮ ಗಾಡೆವ್ವ?"

ಮಧ್ಯಾಹ್ನ ವಾಲಿಕಾರ ಪರಪ್ಪ ಬಂದ. ಪಂಚರ ಹೇಳಿಕೆ ತಂದಿದ್ದ. ಬೇಲಿಯ ಮೇಲಿಂದ ಯಾರೋ ಕೋಳಿ ನೋಡಿ ಗುರುತು ಹಿಡಿದಿದ್ದಾರೆ. ಪರಪ್ಪ ಮುಂದಿನ ಮಾತು ಆಡಲು ಗಂಟಲು ಸರಿ ಮಾಡಿಕೊಂಡ. ಅಷ್ಟರಾಗ ಗಾಡೆವ್ವ ಹೋಗಿ ಅವನ ಕಾಲ್ಮರಿಯ ಚರ್ಮ ಕುಕ್ಕಿದಳು. ಅಂವಾ ಹೌಹಾರಿ ಕಟ್ಟೆ ಏರಿದ. "ಅಕ್ಕಾರ, ಹಿಡಕೋರಿ! ಬ್ಯಾನಿ ಐತಿ ಅದರಾಗ!"

"ಬ್ಯಾನಿ ಇದ್ದದ್ದು ಕಾಲಾಗ. ಮಾಯ್ದೈತಿ. ನೀ ಹೇಳು."

ಹೇಳಿದ. ಕೋಳಿಯನ್ನು ತಿರುಗಿ ಗಾಡಿಗೆ ಕಟ್ಟಬೇಕು. ನಾನೇ ಕೈಯಾರೆ ಸೀಮೆ ದಾಟಿಸಬೇಕು. ಇಲ್ಲಾಂದ್ರೆ ನಮ್ಮ ಮನೆಗೆ ಬಾವಿ ಬಂದ್. ರವಿವಾರ ಸಂಜೆಗೆ ಜವಾಬು.

ಗುಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಪರಪ್ಪ ಹೋದಮೇಲೆ ಕೇಳಿದೆ, "ತಮ್ಮಾ, ಅವತ್ತ ಹಳ್ಳಾ ದಾಟಿದ್ರೇನು?"

ಕಂಬದ ಬುಡಕ್ಕೇ ಕುಂತ. "ಇಲ್ಲಕ್ಕಾ. ಕತ್ತಲಾಗಾಕತ್ತಿತ್ತು. ಕೋಳಿ ನನ್ನ ಮಾರೀನ ನೋಡಾಕತ್ತಿತ್ತು. ಹಳ್ಳಕ್ಕ ಇಳಿಯಾಕ ಆಗಲಿಲ್ಲ. ಇಲ್ಲೇ ಬಿಡೂಣು ಅಂದವಾ ನಾನ. ಉಳದ ಮೂವರೂ ಹೂಂ ಅಂದ್ರು. ಬಂದು ಗುಡಿ ಮುಂದ ದೇವೀ ಅರಿಶಿಣದ ಭಂಡಾರ ಮುಟ್ಟಿ, ದಾಟಸೇವಿ ಅಂದ್ವಿ."

"ಭಂಡಾರ ಮುಟ್ಟಿ!"

"ಭರಮಿ ಗಾಡ್ಯಾಗ ಒದ್ದಾಡಾಕತ್ತಾಗ ನಾನ ಕೊಲ್ಲಾಕತ್ತೇನಿ ಅನಸಿತು. ಅಕ್ಕಾ, ಹೇಳಬ್ಯಾಡ. ದೇವಿ ಮುಂದ ಸುಳ್ಳ ಆಣಿ ಮಾಡಿದಾಂವ ಅಂದ್ರ ಊರಾಗ ಹೆಂಗ ತಲಿ ಎತ್ತಲಿ?"

ಐವತ್ತರ ಅಂಚಿನ ಗಂಡಸು, ನನ್ನ ಸೆರಗು ಹಿಡಿದು ಅತ್ತ. ಸಾಲಿಗೆ ಹೋಗುವಾಗಲೂ ಹಿಂಗೇ ಹಿಡೀತಿದ್ದ.

ರವಿವಾರ, ೧೪-೭. ಇಳಿಹೊತ್ತು

ಎರಡು ದಿನ ಒಳಗೊಳಗೇ ತೂಗಿದೆ. ಹೇಳಿದರೆ ಕೋಳಿ ಉಳೀತೈತಿ, ತಮ್ಮ ಉಳಿಯುವುದಿಲ್ಲ. ಸುಮ್ಮನಿದ್ದರೆ ಕೋಳಿಯನ್ನು ನಾನೇ ಕಟ್ಟಬೇಕು. ಸುಳ್ಳು ಹೇಳುವುದು ನನ್ನಿಂದಾಗದು. ಒಂದು ಸಲ ಹೇಳಿದ್ದಕ್ಕೇ ನಾಲಿಗೆ ಇನ್ನೂ ಕಹಿ ಐತಿ.

ಮುಂಜಾನೆ ಉದ್ದವ್ವ ಬಂದಿದ್ದಳು. ಈಗ ತಡಿಕೆ ತಾನೇ ಸರಿಸಿ ಬರುತ್ತಾಳೆ. ಗುಡ್ಡಪ್ಪನ ಮಾತು ಬಿಟ್ಟು ಉಳಿದದ್ದು ಹೇಳಿದೆ. ಕೋಳಿಯ ಕಾಲು ಸವರುತ್ತ ಅಂದಳು, "ಅವರ ಬಾವಿ ಬಂದ್ ಆದ್ರ ನಮ್ಮ ಬಾವಿ ಐತ್ರಿ. ಕುಡದೀರೇನು?"

ತಟ್ಟನೆ ಹೂಂ ಅನ್ನಲಿಲ್ಲ. ಅದನ್ನೂ ಬರೆದಿಡಬೇಕು. ಐವತ್ತು ವರ್ಷದ ಮಡಿ ಅಡ್ಡ ಬಂತು. ಆಕಿ ಕಾಯುತ್ತಿದ್ದಳು, ಚೇಷ್ಟೆಯ ನಗು ತುಟಿಯಾಗ. "ಕುದಿಸಿ ಕುಡೀತೇನಿ" ಅಂದೆ.

"ನಮ್ಮ ಮ್ಯಾಲಿನ ಅನುಮಾನಕ್ಕ ಅಲ್ಲ, ಹೌದಿಲ್ರಿ?"

"ಡಾಕ್ಟರ ಮಾತಿಗವಾ!"

ಇಬ್ಬರೂ ನಕ್ಕೆವು. ಭರಮಿ ಒಳಗಿನಿಂದ "ಏನದು, ನನಗೂ ಹೇಳ್ರಿ" ಅಂತ ಕೂಗಿದಳು.

ಜವಾಬು ಬರೆದೆ. ಮೂರು ಸಲ ಹರಿದೆ. ಕಡೆಗೆ ನಿಂತದ್ದು ಇದು —

"ಪಂಚರಿಗೆ ಗೌರಕ್ಕನ ಶರಣು. ಕೋಳಿ ತಂದವಳು ನಾನು. ಯಾರೂ ಹೇಳಿಕೊಟ್ಟಿಲ್ಲ. ಮಾಯಿಸಿದ ಕಾಲಿಗೆ ಮತ್ತೆ ದಾರ ಕಟ್ಟುವ ಕೈ ನನ್ನಲ್ಲಿಲ್ಲ. ದೇವಿಗೆ ಸಿಟ್ಟು ಬಂದಿದ್ದರೆ ನನ್ನ ಮೇಲೆ ಬರಲಿ. ಬಾವಿ ಬಂದ್ ಮಾಡುವುದಿದ್ದರೆ ನನಗೊಬ್ಬಾಕೆಗೆ ಮಾಡಿರಿ. ಭರಮವ್ವ ಬೇನೆಯಿಂದ ಎದ್ದವಳು, ಆಕೆಯ ಕೊಡ ತಡೆಯಬೇಡಿರಿ. ನಾನು ಛಪ್ಪರದಾಗ ಬ್ಯಾರೆ ಒಲೆ ಹೂಡುತ್ತೇನೆ, ಉದ್ದವ್ವನ ಬಾವಿಯ ನೀರು ತರುತ್ತೇನೆ. ಕೋಳಿಯನ್ನು ಎಲ್ಲಿಂದ ಎತ್ತಿದೆ, ಸೀಮೆಕಲ್ಲಿನ ಆಚೆಯೋ ಈಚೆಯೋ ಅನ್ನುವುದನ್ನು ನಾನು ಬರೆಯುವುದಿಲ್ಲ. ಈ ಚೀಟಿ ಓದುತ್ತಿರುವವನನ್ನು ಕೇಳಿರಿ."

ನಮ್ಮೂರಾಗ ಚೀಟಿ ತಂದವನೇ ಗುಡಿಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಬೇಕು. ಪರಪ್ಪನಿಗೆ ಅಕ್ಷರ ಬರುವುದಿಲ್ಲ. ಗುಡ್ಡಪ್ಪ ನನ್ನ ಜೋಡಿ ಸಾಲಿಯಾಗ ನಾಲ್ಕನೇ ಇಯತ್ತೆ ತನಕ ಕಲಿತಿದ್ದಾನೆ. ಆ ಕಡೆಯ ಸಾಲು ಅವನೇ ಓದಬೇಕು. ಆಮೇಲೆ ಹೇಳುವುದೂ ಅವನದೇ, ಬಿಡುವುದೂ ಅವನದೇ. ಬಿಟ್ಟರೂ ಅಂವಾ ನನ್ನ ತಮ್ಮನೇ.

ಪರಪ್ಪ ಬಾಗಿಲಿಗೆ ಬಂದು ಕೈಚಾಚಿದ. "ನಿನಗ ಕೊಡೂದಿಲ್ಲೋ ಪರಪ್ಪಾ" ಅಂದೆ. "ಗುಡ್ಡಪ್ಪ ಕೊಟ್ಟಿಗ್ಯಾಗ ಎತ್ತಿನ ಮೈ ತಿಕ್ಕಾಕತ್ತಾನ. ಅವನ್ನ ಕಳಸು."

ಹೋದ. ಕೊಟ್ಟಿಗೆಯಾಗ ಏನೋ ಮಾತು. ತಿಕ್ಕುವ ಸಪ್ಪಳ ನಿಂತಿತು. ಗಾಡೆವ್ವ ನನ್ನ ಕಾಲ ಮೇಲೇ ಕುಂತಾಳೆ, ಏಳಾಕ ಬಿಡವಲ್ಲಳು. ಚೀಟಿ ಮಡಚಿ ಹೊಸ್ತಿಲ ಮೇಲೆ ಇಟ್ಟೇನಿ, ಗುಡ್ಡಾ. ನನ್ನ ಜವಾಬು ನೀನ ಬಂದು ತಗೊಂಡು ಹೋಗು. ಅಂಗಳದಾಗ ಅವನ ಹೆಜ್ಜೆ—